ಕಾವೇರಿ ದಡದ ಊರಲ್ಲಿ ಮನೆ ಕೊಳ್ಳುವವರಿಗೆ: ಮೊದಲು ನೀರು, ಆಮೇಲೆ ಕಾಗದ, ಕೊನೆಗೆ ರೇಟು

"ಮೈಸೂರಿಗೆ ಹತ್ತಿರ ಇರಬೇಕು, ಹೊಳೆ ಪಕ್ಕದಲ್ಲಿರಬೇಕು, ಊರು ಚಿಕ್ಕದಾಗಿರಬೇಕು. ಮನೆ ತಗೊಳ್ಳುವಾಗ ಏನೇನು ನೋಡಬೇಕು?" ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಉದಾಹರಣೆಗಳೆಲ್ಲ ಶ್ರೀರಂಗಪಟ್ಟಣ ತಾಲ್ಲೂಕಿನವು. ಬೆಳಗೊಳ, ಪಾಲಹಳ್ಳಿ, ನಗುವನಹಳ್ಳಿ, ಮಹದೇವಪುರ, ಗಂಜಾಂ ಕಡೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಕಪಿಲೆ, ಹೇಮಾವತಿ, ತುಂಗೆಯ ದಡದವರಿಗೂ ಬಹುಪಾಲು ಅನ್ವಯಿಸುತ್ತದೆ.

ಹೆಚ್ಚಿನವರು ಮೊದಲು ರೇಟು ಕೇಳುತ್ತಾರೆ, ಹಿಡಿಸಿದರೆ ಕಾಗದ ನೋಡುತ್ತಾರೆ, ನೀರಿನ ವಿಚಾರ ಗೃಹಪ್ರವೇಶವಾದ ಮೇಲೆ ಗೊತ್ತಾಗುತ್ತದೆ. ಹೊಳೆ ದಡದಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು.

1. ಹೊಳೆ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದುಕೊಳ್ಳಿ

ಈ ಊರುಗಳೆಲ್ಲ ಕೆಆರ್‌ಎಸ್ ಅಣೆಕಟ್ಟೆಯ ಕೆಳಗಿವೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ತುಂಬುವ ತನಕ ಮೇಲಿನಿಂದ ಎಷ್ಟು ನೀರು ಬಂದರೂ ಕಟ್ಟೆ ನುಂಗಿಕೊಳ್ಳುತ್ತದೆ. ತುಂಬಿದ ಮೇಲೆ ಕೊಡಗಿನಲ್ಲಿ, ಹಾಸನದ ಕಡೆ ಸುರಿದದ್ದೆಲ್ಲ ನೇರವಾಗಿ ಕೆಳಗೆ ಬರುತ್ತದೆ. ಹಾಗಾಗಿ "ಡ್ಯಾಮ್ ಇದೆಯಲ್ಲ ಸಾರ್, ನೀರು ಬರಲ್ಲ" ಎನ್ನುವ ದಲ್ಲಾಳಿಯ ಮಾತು ಅರ್ಧ ನಿಜ. 2019ರ ಆಗಸ್ಟ್‌ನಲ್ಲೂ 2024ರ ಜುಲೈ ಕೊನೆಯಲ್ಲೂ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು (ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್). 2025ರಲ್ಲಂತೂ ಕಟ್ಟೆ ಜೂನ್‌ನಲ್ಲೇ ತುಂಬಿತು. ಹಾಗೆ ಬೇಗ ತುಂಬಿದ ವರ್ಷ ಮುಂಗಾರು ಇನ್ನೂ ಮುಕ್ಕಾಲು ಪಾಲು ಬಾಕಿ ಇರುತ್ತದೆ.

ಆದ್ದರಿಂದ ಊರಿಗೆ ಹೋದಾಗ ಮನೆಯೊಳಗೆ ಹೋಗುವ ಮುಂಚೆ ದಡಕ್ಕೆ ಹೋಗಿ. ಹೊಳೆ ಕಡೆಯ ಹೊಂಗೆ, ಅತ್ತಿ ಮರಗಳ ಕೊಂಬೆಗಳನ್ನು ನೋಡಿ. ಪ್ಲಾಸ್ಟಿಕ್ ಕವರು, ಹರಿದ ಬಟ್ಟೆಚೂರು, ಒಣಗಿದ ಜೊಂಡು ಸಿಕ್ಕಿಹಾಕಿಕೊಂಡಿದ್ದರೆ ಕಳೆದ ಪ್ರವಾಹ ಅಲ್ಲಿಯವರೆಗೆ ಏರಿತ್ತು ಎಂದೇ ಅರ್ಥ. ಆ ಕೊಂಬೆಯ ಎತ್ತರವನ್ನು ಮನೆಯ ಹೊಸಿಲಿನ ಎತ್ತರಕ್ಕೆ ಹೋಲಿಸಿ. ಕಣ್ಣಳತೆ ಸಾಲದು. ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಲೆವೆಲ್ ಟ್ಯೂಬ್ ಇರುತ್ತದೆ. ದಡದಿಂದ ಮನೆ ತುಂಬಾ ದೂರವಿಲ್ಲದಿದ್ದರೆ ಹಂತಹಂತವಾಗಿ ಅದರಲ್ಲೇ ಅಳೆದುಬಿಡಬಹುದು.

ಆಮೇಲೆ ಜನರನ್ನು ಕೇಳಿ. ಮಾರುವವರನ್ನೂ ದಲ್ಲಾಳಿಯನ್ನೂ ಬಿಟ್ಟು ದಡದ ದೇವಸ್ಥಾನದ ಅರ್ಚಕರು, ಮೀನು ಹಿಡಿಯುವವರು, ಹೊಳೆ ಪಕ್ಕ ಗದ್ದೆ ಇರುವವರನ್ನು ಕೇಳಿ. "ಇಲ್ಲಿ ನೀರು ಬರುತ್ತಾ?" ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಊರ ಹೆಸರು ಕೆಡಿಸಿಕೊಳ್ಳಲು ಯಾರಿಗೆ ಇಷ್ಟ? "ಹೋದ ಸಲ ಲಕ್ಷ ಕ್ಯೂಸೆಕ್ ಬಿಟ್ಟಾಗ ನೀರು ಯಾವ ಮೆಟ್ಟಿಲ ತನಕ ಬಂತು?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

2. ನಾಲೆಯನ್ನೂ ನೋಡಿ, ಅದೂ ಎರಡು ಕಾಲದಲ್ಲಿ

ಹೊಳೆಗಿಂತ ಹೆಚ್ಚು ಮನೆಗಳನ್ನು ಹಾಳು ಮಾಡುವುದು ನಾಲೆಯ ಜಿನುಗು ಎಂಬುದು ನನ್ನ ಅನಿಸಿಕೆ. ವಿಶ್ವೇಶ್ವರಯ್ಯ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಹೀಗೆ ಈ ಭಾಗದಲ್ಲಿ ಎಲ್ಲಿ ನಿಂತರೂ ಹತ್ತಿರದಲ್ಲೊಂದು ನಾಲೆ ಇದ್ದೇ ಇರುತ್ತದೆ. ನಾಲೆಗೆ ನೀರು ಬಿಟ್ಟಾಗ, ಗದ್ದೆಗಳಲ್ಲಿ ನೀರು ನಿಂತಾಗ ಅಂತರ್ಜಲ ನೆಲಮಟ್ಟದ ಹತ್ತಿರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಕಟಕಟ ಒಣಗಿದ್ದ ಗೋಡೆಯ ಬುಡ ಆಗ ತೇವ ಕುಡಿಯುತ್ತದೆ.

ಏಪ್ರಿಲ್‌ನಲ್ಲಿ ಮನೆ ನೋಡಿ ಮೇ ತಿಂಗಳಲ್ಲಿ ಅಗ್ರಿಮೆಂಟ್ ಮಾಡಿಕೊಳ್ಳುವುದು ಇಲ್ಲಿ ಸಾಮಾನ್ಯ ತಪ್ಪು. ಆಗಸ್ಟ್–ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ನೋಡಿ. ಕಾಯಲಾಗದಿದ್ದರೆ ಗೋಡೆಯೇ ಸಾಕ್ಷಿ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಅಡ್ಡಕ್ಕೆ ಒಂದು ಕಲೆ, ಅದರ ಕೆಳಗೆ ಬಿಳಿ ಉಪ್ಪಿನ ಪುಡಿ, ಬೆರಳಲ್ಲಿ ತಟ್ಟಿದರೆ ಟೊಳ್ಳು ಶಬ್ದ ಬರುವ ಗಾರೆ ಕಂಡರೆ ಕೆಳಗಿನಿಂದ ತೇವ ಏರುತ್ತಿದೆ ಎಂದು ತಿಳಿಯಿರಿ. ಮಾರುವ ಮುನ್ನ ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಥವಾ ಮೂರಡಿ ಎತ್ತರಕ್ಕೆ ಹೊಸದಾಗಿ ಟೈಲ್ಸ್ ಅಂಟಿಸಿದ್ದರೆ, ಯಾಕೆ ಎಂದು ಕೇಳಲೇಬೇಕು. ಬೀರು, ಮಂಚ ಸರಿಸಿ ಹಿಂದಿನ ಗೋಡೆಯನ್ನೂ ನೋಡಿ. ಸಂಕೋಚ ಬೇಡ.

ಕೊಳವೆಬಾವಿ ಮತ್ತು ಶೌಚದ ಗುಂಡಿಯ ನಡುವೆ ಎಷ್ಟು ಅಂತರವಿದೆ ಎಂಬುದೂ ಇದಕ್ಕೇ ಸೇರಿದ ವಿಚಾರ. ನೀರಿನ ಮಟ್ಟ ಮೇಲಿರುವ ಕಡೆ ಇಂಗುಗುಂಡಿಯ ನೀರು ಇಂಗುವುದಿಲ್ಲ, ಮಳೆಗಾಲದಲ್ಲಿ ತುಂಬಿ ಉಕ್ಕುತ್ತದೆ. ಗುಂಡಿಯನ್ನು ವರ್ಷಕ್ಕೆ ಎಷ್ಟು ಸಲ ಖಾಲಿ ಮಾಡಿಸುತ್ತಾರೆ ಎಂದು ಪಕ್ಕದ ಮನೆಯವರನ್ನು ವಿಚಾರಿಸಿ. ನಿಮ್ಮ ಬೋರ್ ನೀರಷ್ಟೇ ಅಲ್ಲ, ಪಕ್ಕದವರ ಗುಂಡಿ ನಿಮ್ಮ ಬೋರಿಗೆ ಎಷ್ಟು ಹತ್ತಿರವಿದೆ ಎಂಬುದೂ ಮುಖ್ಯ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

3. ಆ ಜಾಗ ಯಾವ ಬಗೆಯದು?

ಹಳ್ಳಿಯಲ್ಲಿ ಕಣ್ಣಿಗೆ ಒಂದೇ ಥರ ಕಾಣುವ ಮನೆಗಳು ಕಾನೂನಿನ ಕಣ್ಣಿಗೆ ಬೇರೆ ಬೇರೆ.

ಗ್ರಾಮಠಾಣಾ ಎಂದರೆ ಊರೊಳಗಿನ ವಾಸದ ಜಾಗ. ಇದಕ್ಕೆ ಪಹಣಿ (ಆರ್‌ಟಿಸಿ) ಇರುವುದಿಲ್ಲ. ಪಂಚಾಯಿತಿ ದಾಖಲೆ, ಕಂದಾಯದ ರಸೀದಿ, ಹಳೆಯ ಪತ್ರಗಳೇ ಆಧಾರ. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಸರ್ವೆ ಆಗಿರುವ ಊರಾದರೆ ಆಸ್ತಿ ಕಾರ್ಡೂ ಸಿಗಬಹುದು. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇದೇ. ಹಿಂದಿನವರು ಊರು ಕಟ್ಟುವಾಗ ಸಾಮಾನ್ಯವಾಗಿ ದಿಣ್ಣೆ ನೋಡಿಯೇ ಕಟ್ಟಿದ್ದಾರೆ. ನೀರು ಹತ್ತುವುದು ಹೆಚ್ಚಾಗಿ ಇತ್ತೀಚೆಗೆ ತಗ್ಗಿನ ಗದ್ದೆಗಳಲ್ಲಿ ಎದ್ದ ಬಡಾವಣೆಗಳಿಗೆ.

ಎರಡನೆಯದು ಪರಿವರ್ತನೆಯಾದ ಜಮೀನು. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಆದೇಶದಿಂದ ಕೃಷಿಯಿಂದ ವಾಸಕ್ಕೆ ಬದಲಾಗಿರುತ್ತದೆ. ಹಳಬರು ಇದನ್ನು ಅನ್ಯಕ್ರಾಂತ ಎನ್ನುತ್ತಾರೆ, ಬ್ರೋಕರುಗಳು "ಡಿಸಿ ಕನ್ವರ್ಷನ್" ಎನ್ನುತ್ತಾರೆ. ಆದೇಶವೊಂದೇ ಸಾಲದು. ಬಡಾವಣೆ ನಕ್ಷೆಗೆ ಅನುಮೋದನೆ ಆಗಿರಬೇಕು, ರಸ್ತೆ ಮತ್ತು ಪಾರ್ಕಿನ ಜಾಗ ಪಂಚಾಯಿತಿಗೆ ಹಸ್ತಾಂತರ ಆಗಿರಬೇಕು.

ಮೂರನೆಯದು ರೆವಿನ್ಯೂ ಸೈಟು. ಕೃಷಿ ಜಮೀನಿನಲ್ಲೇ ಸುಣ್ಣ ಎಳೆದು ಮಾರಿದ್ದು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಕೊಳ್ಳಬಹುದು ಎಂದ ಮಾತ್ರಕ್ಕೆ ಅಲ್ಲಿ ಮನೆ ಕಟ್ಟಬಹುದು ಎಂದಲ್ಲ. ಇವೆರಡನ್ನೂ ಬೆರೆಸಿ ಹೇಳುವುದೇ ಇಲ್ಲಿನ ದೊಡ್ಡ ಮೋಸ. ನಾಲೆ ಅಚ್ಚುಕಟ್ಟಿನ ತರಿ ಜಮೀನಿಗೆ (ನೀರಾವರಿ ಗದ್ದೆಗೆ) ಪರಿವರ್ತನೆ ಸುಲಭಕ್ಕೆ ಸಿಗುವುದೂ ಇಲ್ಲ.

ನಾಲ್ಕನೆಯದು ಸರ್ಕಾರ ಕೊಟ್ಟ ಜಾಗ: ಆಶ್ರಯ ಮನೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡು ಆಮೇಲೆ ಭೂಕಂದಾಯ ಕಾಯ್ದೆಯ 94-ಸಿ ಅಡಿ ಸಕ್ರಮವಾದ ಮನೆ ಇತ್ಯಾದಿ. ಹಕ್ಕುಪತ್ರದಲ್ಲೇ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು, ಅಂದರೆ ಮಾರಬಾರದು, ಎಂಬ ಷರತ್ತು ಇರುತ್ತದೆ. ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಇನ್ನೂ ಬಿಗಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದು ಊರ್ಜಿತವಲ್ಲ, ಮತ್ತು 2023ರ ತಿದ್ದುಪಡಿಯಿಂದ ಮರಳಿ ಪಡೆಯುವ ಅರ್ಜಿಗೆ ಕಾಲಮಿತಿಯೂ ಇಲ್ಲ. ಮೂರು ಕೈ ಬದಲಾಗಿ ನಿಮ್ಮ ಹತ್ತಿರ ಬಂದಿದ್ದರೂ ಮೂಲ ಮಂಜೂರಾತಿ ಯಾರಿಗಾಗಿತ್ತು ಎಂದು ನೋಡಲೇಬೇಕು.

ಇವುಗಳಲ್ಲಿ ಯಾವುದು ಎಂದು ತಿಳಿಯಲು ಸುಲಭ ದಾರಿ ಇ-ಸ್ವತ್ತು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಯ ಡಿಜಿಟಲ್ ಖಾತೆ ಇದು. ನಮೂನೆ 9 ಮತ್ತು 11-ಎ ಇದ್ದರೆ ಅಧಿಕೃತ ಸ್ವತ್ತು. 11-ಬಿ ಆದರೆ ತೆರಿಗೆಗಾಗಿ ದಾಖಲಿಸಿಕೊಂಡಿದ್ದಾರೆ ಅಷ್ಟೇ, ಸಕ್ರಮ ಎಂದಲ್ಲ. ಬ್ಯಾಂಕುಗಳು 11-ಬಿಗೆ ಸಾಲ ಕೊಡಲು ಹಿಂಜರಿಯುತ್ತವೆ. "ಎಲ್ಲಾರ್ದೂ 11-ಬಿನೇ ಸಾರ್, ನಾಳೆ ಎಲ್ಲ ಸಕ್ರಮ ಆಗುತ್ತೆ" ಎಂಬ ಮಾತಿನ ಮೇಲೆ ದುಡ್ಡು ಹಾಕಬೇಡಿ. ಗಂಜಾಂ ಮಾತ್ರ ಶ್ರೀರಂಗಪಟ್ಟಣ ಪುರಸಭೆಗೆ ಸೇರಿದ್ದು. ಅಲ್ಲಿ ಕೇಳಬೇಕಾದ್ದು ಪುರಸಭೆಯ ಇ-ಖಾತೆ.

4. ದಡಕ್ಕೆ, ಸ್ಮಾರಕಕ್ಕೆ, ಪಕ್ಷಿಧಾಮಕ್ಕೆ ಎಷ್ಟು ದೂರ?

ಹಳೆ ಮನೆ ಕೊಂಡು ಕೆಡವಿ ಹೊಸದು ಕಟ್ಟುವ ಯೋಚನೆ ಇರುವವರು ಇದನ್ನು ಗಮನವಿಟ್ಟು ಓದಿ. ಶ್ರೀರಂಗಪಟ್ಟಣದ ದ್ವೀಪದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಹೀಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಹತ್ತಿರ ಹತ್ತಿರವೇ ಇವೆ. ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ, ಅನುಮತಿ ಪಡೆದೇ ಕಟ್ಟಬೇಕು. ದುರಸ್ತಿಗೂ ಅನುಮತಿ ಬೇಕಾಗುತ್ತದೆ. ಪಾಲಹಳ್ಳಿ ಕಡೆಯಾದರೆ ರಂಗನತಿಟ್ಟು ಪಕ್ಷಿಧಾಮದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ನಿಮ್ಮ ಸರ್ವೆ ನಂಬರು ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಯೋಜನಾ ಪ್ರದೇಶಕ್ಕೆ ಸೇರಿದ ಊರಾದರೆ ಹೊಳೆಯ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಎಂಬುದನ್ನು ಮಹಾಯೋಜನೆ (ಮಾಸ್ಟರ್ ಪ್ಲಾನ್) ಹೇಳುತ್ತದೆ.

"ಮನೆ ಹಿಂದಿನಿಂದಲೇ ಹೊಳೆಗೆ ಇಳಿಯಬಹುದು" ಎಂದು ಹೇಳಿ ರೇಟು ಏರಿಸುತ್ತಾರೆ. ಆ ಇಳಿಜಾರು ಬಹುತೇಕ ಸರ್ಕಾರಿ ಖರಾಬು (ಸಾಗುವಳಿಗೆ ಸೇರದ ಸರ್ಕಾರದ ಜಾಗ). ನಿಮ್ಮ ಪತ್ರದಲ್ಲಿ ಅದು ಇರುವುದಿಲ್ಲ, ಬೇಲಿ ಹಾಕುವಂತಿಲ್ಲ. ಈ ಭಾಗದ ಕಾವೇರಿಯಲ್ಲಿ ಮೊಸಳೆಗಳೂ ಇವೆ, ಮಕ್ಕಳಿರುವವರು ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

5. ಕಾಗದದ ಸರಪಣಿ ಮತ್ತು ಸಹಿ ಹಾಕಬೇಕಾದ ಜನ

ಮಾರುವವರಿಂದ ಪಡೆಯಬೇಕಾದವು: ಮೂಲಪತ್ರಗಳು, ಇ-ಸ್ವತ್ತು ನಮೂನೆಗಳು, ಪರಿವರ್ತನೆ ಆದೇಶ, ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಕಂದಾಯದ ರಸೀದಿ, ವಂಶವೃಕ್ಷ, ವಿಭಾಗಪತ್ರ. ನೀವೇ ತೆಗೆಸಬೇಕಾದ್ದು ಇಸಿ, ಅಂದರೆ ಋಣಭಾರ ಪತ್ರ. ಆ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ ಎಲ್ಲವೂ ಅದರಲ್ಲಿ ಬರುತ್ತವೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. 30 ವರ್ಷದ್ದು ತೆಗೆಸಿ. ಪಹಣಿ ಇರುವ ಜಾಗವಾದರೆ 9ನೇ ಕಲಂನಲ್ಲಿ ಮಾಲೀಕರ ಹೆಸರನ್ನೂ 11ನೇ ಕಲಂನಲ್ಲಿ ಸಾಲ, ತಕರಾರನ್ನೂ ನೋಡಿ. ಸೊಸೈಟಿ ಸಾಲ ತೀರಿಸಿದ್ದರೂ ಹೆಸರು ಅಲ್ಲೇ ಉಳಿದಿರುವುದು ತೀರಾ ಮಾಮೂಲು. ಅದನ್ನು ತೆಗೆಸುವ ಕೆಲಸ ಮಾರುವವರದು, ನೀವು ಮೈಮೇಲೆ ಎಳೆದುಕೊಳ್ಳಬೇಡಿ.

ಇನ್ನು ನಿಜವಾಗಿ ವ್ಯಾಜ್ಯ ಹುಟ್ಟುವ ಜಾಗ. ಹಳ್ಳಿಯ ಮನೆ ಎಂದರೆ ಹೆಚ್ಚಾಗಿ ಪಿತ್ರಾರ್ಜಿತ. ಖಾತೆ ದೊಡ್ಡ ಮಗನ ಹೆಸರಿಗಿರುತ್ತದೆ, ಹಕ್ಕು ಎಲ್ಲರಿಗೂ ಇರುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅದನ್ನು ಸ್ಪಷ್ಟಪಡಿಸಿದ 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂದಿವೆ. "ಅವ್ರಿಗೆ ಮದುವೆ ಮಾಡ್ಕೊಟ್ಟಾಯ್ತು, ಚಿನ್ನ ಕೊಟ್ಟಾಯ್ತು, ಅವ್ರೇನೂ ಕೇಳಲ್ಲ" ಎಂದರೆ ಒಪ್ಪಬೇಡಿ. ಅಕ್ಕತಂಗಿಯರೆಲ್ಲ ಬಂದು ಕ್ರಯಪತ್ರಕ್ಕೇ ಸಹಿ ಹಾಕಲಿ. ವಂಶವೃಕ್ಷವನ್ನು ಕೈಯಲ್ಲಿ ಹಿಡಿದುಕೊಂಡು ಅಕ್ಕಪಕ್ಕದ ಮನೆಯ ಹಿರಿಯರೊಬ್ಬರ ಹತ್ತಿರ ಕಾಫಿ ಕುಡಿಯುತ್ತಾ ಮಾತಾಡಿದರೆ, ಪಟ್ಟಿಯಲ್ಲಿ ಬಿಟ್ಟುಹೋದ ಮಗಳ ಹೆಸರು ತಾನಾಗಿ ಹೊರಬೀಳುತ್ತದೆ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ತೋರಿಸಿ ಮಾರುವವರನ್ನು ದೂರವಿಡಿ. ಜಿಪಿಎ ಮೂಲಕ ಒಡೆತನ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವಕೀಲರ ಅಭಿಪ್ರಾಯ ಪಡೆಯುವಾಗ ಮಾರುವವರು ತೋರಿಸಿದ ವಕೀಲರು ಬೇಡ. ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವರನ್ನು ಹುಡುಕಿ, ಊರಿನ ಹಳೇ ವ್ಯಾಜ್ಯಗಳು ಅವರಿಗೆ ಗೊತ್ತಿರುತ್ತವೆ. ಬ್ಯಾಂಕ್ ಸಾಲ ಮಂಜೂರಾದರೆ ಕಾಗದ ಸರಿಯಿದೆ ಎಂದೇ ಅರ್ಥವಲ್ಲ.

6. ಅಳತೆ ಮತ್ತು ದಾರಿ

ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಮನೆ ಮುಂದೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಹಳ್ಳ, ಕೆರೆ, ಖರಾಬು ಹತ್ತಿರದಲ್ಲಿದೆಯೇ ಎಂದು ಕಾಣುತ್ತದೆ. ಮೊದಲ ಅಂದಾಜಿಗೆ ಸಾಕು, ಕೋರ್ಟಿಗೆ ಸಾಲದು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುತ್ತಿದ್ದರೆ 11-ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಗಡಿ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ ಅಳೆಸಿ. ಚೆಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಎಲ್ಲೆ) ಬರೆದದ್ದು ನೆಲದ ಮೇಲೂ ಹಾಗೇ ಇದೆಯೇ ನೋಡಿ. "ಪೂರ್ವಕ್ಕೆ ಓಣಿ" ಎಂದಿದ್ದು ಈಗ ಯಾರದೋ ದನದ ಕೊಟ್ಟಿಗೆ ಆಗಿರುತ್ತದೆ.

ದಾರಿಯ ವಿಚಾರದಲ್ಲಿ ಒಂದು ಸ್ಥಳೀಯ ಬಲೆ ಇದೆ. ನಾಲೆ ಏರಿಯ ಮೇಲಿನ ರಸ್ತೆಯನ್ನೇ ಬಡಾವಣೆಯ ರಸ್ತೆ ಎಂದು ತೋರಿಸುತ್ತಾರೆ. ಅದು ನಾಲೆ ನಿರ್ವಹಣೆಗೆಂದು ಇರುವ, ನೀರಾವರಿ ನಿಗಮದ ಜಾಗ. ನಾಳೆ ಗೇಟು ಹಾಕಿದರೆ ಕೇಳುವ ಹಕ್ಕು ನಿಮಗಿಲ್ಲ.

7. ಬದುಕುವ ದಿನಗಳು

ಪಶ್ಚಿಮವಾಹಿನಿ, ಸಂಗಮ, ಗೋಸಾಯಿ ಘಾಟ್ ಹತ್ತಿರ ಮನೆ ನೋಡುತ್ತಿದ್ದರೆ ಒಂದು ಮಹಾಲಯ ಅಮಾವಾಸ್ಯೆ ದಿನ ಹೋಗಿ ನೋಡಿ. ಪಿಂಡಪ್ರದಾನಕ್ಕೆ ಬಂದವರ ವಾಹನಗಳು ಗೇಟಿನ ಮುಂದೆಯೇ ನಿಂತಿರುತ್ತವೆ. ಕಬ್ಬಿನ ಸೀಮೆ ಇದು. ಗಾಳಿ ಬೀಸುವ ದಿಕ್ಕಿಗೆ ಆಲೆಮನೆ ಇದ್ದರೆ ಒಣಹಾಕಿದ ಬಟ್ಟೆಗೆ ಮಸಿ ಗ್ಯಾರಂಟಿ. ಬೈಕಿನಲ್ಲಿ ಓಡಾಡುವವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಮೈಸೂರಿಗೆ ಎಷ್ಟು ಹೊತ್ತು ಬೇಕೆಂದು ಬೆಳಗಿನ ಹೊತ್ತು ಓಡಿಸಿ ನೋಡಿ.

8. ದುಡ್ಡು

ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಶೇ 10 ಸೆಸ್ಸು, ಗ್ರಾಮೀಣ ಪ್ರದೇಶದಲ್ಲಿ ಶೇ 3 ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. 40 ಲಕ್ಷ ರೂಪಾಯಿಯ ಮನೆಗೆ ಲೆಕ್ಕ ಹೀಗೆ: ಮುದ್ರಾಂಕ 2 ಲಕ್ಷ, ಸೆಸ್ಸು 20 ಸಾವಿರ, ಸರ್‌ಚಾರ್ಜ್ 6 ಸಾವಿರ, ನೋಂದಣಿ 80 ಸಾವಿರ, ಒಟ್ಟು 3 ಲಕ್ಷದ 6 ಸಾವಿರ. ನೀವು ಕೊಟ್ಟ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು.

"ಪತ್ರದಲ್ಲಿ ಕಮ್ಮಿ ತೋರಿಸೋಣ, ಉಳಿದದ್ದು ಕ್ಯಾಶ್" ಎಂದು ಹೇಳದ ಮಾರಾಟಗಾರರು ಅಪರೂಪ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವ್ಯವಹಾರ ಮುರಿದುಬಿದ್ದರೆ ಕ್ಯಾಶ್ ಕೊಟ್ಟದ್ದಕ್ಕೆ ನಿಮ್ಮಲ್ಲಿ ಪುರಾವೆಯೂ ಇರುವುದಿಲ್ಲ. ಅಡ್ವಾನ್ಸ್ ಕೊಡುವಾಗ ಅಗ್ರಿಮೆಂಟನ್ನು ನೋಂದಣಿ ಮಾಡಿಸಿ. ಕಾಗದ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂಬ ಷರತ್ತನ್ನು ದಿನಾಂಕ ಸಮೇತ ಬರೆಸಿ.

ಹೊರದೇಶದಲ್ಲಿರುವ ಓದುಗರಿಗೆ: ಎನ್‌ಆರ್‌ಐ, ಒಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು) ಇಬ್ಬರೂ ಮನೆ ಕೊಳ್ಳಬಹುದು, ಕೃಷಿ ಜಮೀನು ಮತ್ತು ತೋಟದ ಮನೆ ಕೊಳ್ಳುವಂತಿಲ್ಲ. ರೆವಿನ್ಯೂ ಸೈಟು ನಿಮಗಂತೂ ಬೇಡವೇ ಬೇಡ.

9. ನೋಂದಣಿ ಮತ್ತು ಆಮೇಲೆ

ಕ್ರಯಪತ್ರದ ಕರಡನ್ನು ಕಾವೇರಿ 2.0 ತಂತ್ರಾಂಶದಲ್ಲಿ ಹಾಕಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು. ಶ್ರೀರಂಗಪಟ್ಟಣ ತಾಲ್ಲೂಕು ಮಂಡ್ಯ ಜಿಲ್ಲೆಗೆ ಸೇರಿದ್ದು, ಆದ್ದರಿಂದ ಎಷ್ಟೇ ಹತ್ತಿರವಿದ್ದರೂ ಮೈಸೂರಿನ ಕಚೇರಿ ಆಗುವುದಿಲ್ಲ. ಕರಡಿನಲ್ಲಿ ಚೆಕ್ಕುಬಂದಿ, ಅಳತೆ, ಇ-ಸ್ವತ್ತು ಸಂಖ್ಯೆ, ಎಲ್ಲರ ಹೆಸರಿನ ಕಾಗುಣಿತವನ್ನು ನೀವೇ ಓದಿ. ಪತ್ರ ಬರೆಯುವವರು ಹಳೇ ಪತ್ರದ ತಪ್ಪನ್ನೂ ಹಾಗೇ ಇಳಿಸಿಬಿಡುತ್ತಾರೆ.

ಅದೇ ವಾರ ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಕ್ರಯಪತ್ರ ಆಯ್ತೆಂದು ಸುಮ್ಮನಾದರೆ ಕಂದಾಯ ಹಳಬರ ಹೆಸರಲ್ಲೇ ಹೋಗುತ್ತಿರುತ್ತದೆ. ಕರೆಂಟಿನ ಆರ್‌ಆರ್ ನಂಬರನ್ನು (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಇಲ್ಲಿನ ವಿದ್ಯುತ್ ಕಂಪನಿಯಾದ ಸೆಸ್ಕ್‌ನಲ್ಲಿ ನಿಮ್ಮ ಹೆಸರಿಗೆ ಮಾಡಿಸಿ, ಹಳೇ ಬಾಕಿ ಮೊದಲೇ ಕಟ್ಟಿಸಿರಿ. ಮನೆ ವಿಮೆ ಮಾಡಿಸುವಾಗ 'ಭಾರತ್ ಗೃಹ ರಕ್ಷಾ' ಪಾಲಿಸಿ ಕೇಳಿ, ಅದರಲ್ಲಿ ಪ್ರವಾಹವೂ ಸೇರಿದೆ. ಮನೆಯ ಒಳಹೊರಗೆ, ಬುಡದಿಂದ ಸೂರಿನವರೆಗೆ ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ನೀರು ನುಗ್ಗಿದ ವರ್ಷ ವಿಮೆ ಸರ್ವೇಯರ್ ಮೊದಲು ಕೇಳುವುದು ಅದನ್ನೇ.